ಕಾವೇರಿ ಹೇಳಿದ್ದು ಸುಳ್ಳಾ?

1/9

‘ಶರಪಂಜರ’ ಸಿನಿಮಾ ಪೂರ್ತಿ ನೋಡಿರೋರು ನಿಮ್ಮಲ್ಲಿ ಎಷ್ಟು ಜನ? ಅದರಲ್ಲಿ ಕಲ್ಪನಾ ಮಾಡಿರೋ ಥರ ಕಣ್ಣು ಅರಳಿಸಿ, ಕೂದಲು ಕೆದರಿ ಕಿರುಚೋ ಮಿಮಿಕ್ರಿ ನೋಡಿರೋರು ಎಷ್ಟು ಜನ?

ಎರಡನೇ ಪ್ರಶ್ನೆಗೆ ಎಲ್ಲರ ಕೈಯೂ ಮೇಲೆ ಬರುತ್ತೆ, ನನಗೆ ಗೊತ್ತು. ಕಾಲೇಜ್ ಡೇ ಸ್ಕಿಟ್, ಟಿವಿ ಕಾಮಿಡಿ ಶೋ, ರೀಲ್ಸು, ಎಲ್ಲಾ ಕಡೆ ಅದೇ ಐದು ಸೆಕೆಂಡ್. ಒಬ್ಬಳು ಸೀರೆ ಸೆರಗು ಎಳೆದು ಕಿರುಚಿದ್ರೆ ಸಾಕು, ಹಿಂದಿನ ಬೆಂಚಿಂದ ಸಿಳ್ಳೆ ಬೀಳುತ್ತೆ. ಮೂರು ಗಂಟೆ ಹತ್ತಿರದ ಸಿನಿಮಾದಲ್ಲಿ ನಮ್ಮ ಪೀಳಿಗೆಗೆ ಉಳಿದಿರೋದು ಅಷ್ಟೇ.

‘ಹಳೇ ರೀಲು’ ಸರಣಿಯಲ್ಲಿ ಈ ವಾರ ಈ ಸಿನಿಮಾನೇ ಯಾಕೆ ತಗೊಂಡೆ ಅಂದ್ರೆ, ನನ್ನದೊಂದು ತಕರಾರಿದೆ. ಆ ಕಿರುಚಾಟವನ್ನ ನಾವು ಐವತ್ತು ವರ್ಷದಿಂದ ‘ಹುಚ್ಚಿನ ಸೀನು’ ಅಂತಾನೇ ಕರೀತಾ ಬಂದಿದೀವಿ. ಸಿನಿಮಾ ಮೊದಲಿಂದ ನೋಡಿದ್ರೆ ಅದು ಕೋಪದ ಸೀನು. ಅದೂ ನ್ಯಾಯವಾದ ಕೋಪ. ಆ ಜಾಗದಲ್ಲಿ ನೀವಿದ್ರೂ ಕಿರುಚ್ತಿದ್ರಿ, ನಾನಿದ್ರೂ ಕಿರುಚ್ತಿದ್ದೆ. ನಮ್ಮನ್ನ ಯಾರೂ ಆಸ್ಪತ್ರೆಗೆ ಕಳಿಸ್ತಿರಲಿಲ್ಲ. ಕಾವೇರಿಯನ್ನ ಕಳಿಸ್ತಾರೆ, ಯಾಕಂದ್ರೆ ಅವಳು ಒಂದು ಸಲ ಹೋಗಿಬಂದಿದ್ದಾಳೆ.

ಈ ಒಂದೇ ಮಾತನ್ನ ಒಂಬತ್ತು ಪೋಸ್ಟ್‌ನಲ್ಲಿ ಬಿಡಿಸಿ ಹೇಳ್ತೀನಿ. ಉದ್ದ ಇದೆ, ಬಸ್ಸಲ್ಲಿ ಕೂತಾಗ ಓದಿ. ಕಥೆ ಪೂರ್ತಿ ಹೇಳಿಬಿಡ್ತೀನಿ, ಆದ್ರಿಂದ ಮೊದಲು ಸಿನಿಮಾ ನೋಡಬೇಕು ಅನ್ನೋರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ವಾಪಸ್ ಬನ್ನಿ. ಪೋಸ್ಟ್ ಎಲ್ಲೂ ಓಡಿಹೋಗಲ್ಲ.

2/9

ಕಥೆ ಗೊತ್ತಿಲ್ಲದೇ ಇರೋರಿಗೆ ಚಿಕ್ಕದಾಗಿ.

ಕಾವೇರಿ ಓದಿದ ಹುಡುಗಿ, ಸ್ಥಿತಿವಂತರ ಮನೆಯವಳು, ನಗುನಗ್ತಾ ಓಡಾಡೋಳು. ಮದುವೆ ಮನೆಯೊಂದರಲ್ಲಿ ಸತೀಶ ಅವಳನ್ನ ನೋಡ್ತಾನೆ, ಮೆಚ್ಚಿಕೊಳ್ತಾನೆ, ಇಬ್ಬರಿಗೂ ಮದುವೆ ಆಗುತ್ತೆ. ಸತೀಶನಾಗಿ ಗಂಗಾಧರ್, ಕಾವೇರಿಯಾಗಿ ಕಲ್ಪನಾ. ಸಿನಿಮಾದ ಮೊದಲ ಭಾಗ ಪೂರ್ತಿ ಹಾಡು, ಪ್ರೀತಿ, ಸರಸ. ಇಂಥ ಗಂಡ ಸಿಕ್ಕಿದ್ದು ಇವಳ ಪುಣ್ಯ ಅಂತ ನೋಡೋರಿಗೂ ಅನ್ನಿಸಬೇಕು, ಹಾಗೆ ತೆಗೆದಿದ್ದಾರೆ.

ಮಗು ಆಗುತ್ತೆ. ಆಮೇಲೆ ಎರಡನೇ ಬಸಿರು, ಹೆರಿಗೆ. ಅಲ್ಲಿಂದ ಕಾವೇರಿ ಮನಸ್ಸು ಹತೋಟಿ ತಪ್ಪುತ್ತೆ. ಮದುವೆಗೆ ಮುಂಚೆ ನಡೆದ ಕಹಿ ಘಟನೆಯೊಂದು ಒಳಗೆಲ್ಲೋ ಹುದುಗಿ ಕೂತಿದ್ದು ಮೇಲೆ ಎದ್ದುಬರುತ್ತೆ. ನಮ್ಮ ಅಜ್ಜಿಯರು ಇದನ್ನ ‘ಬಾಣಂತಿ ಸನ್ನಿ’ ಅಂತಿದ್ರು. ಅವಳನ್ನ ಮಾನಸಿಕ ಆಸ್ಪತ್ರೆಗೆ ಸೇರಿಸ್ತಾರೆ.

ಇಲ್ಲಿಗೆ ಬೇರೆ ಯಾವ ಸಿನಿಮಾ ಆದ್ರೂ ಮುಗಿದುಹೋಗ್ತಿತ್ತು. ಡಾಕ್ಟರ್ ಕನ್ನಡಕ ತೆಗೆದು ‘ಇನ್ನೇನೂ ಭಯ ಇಲ್ಲ’ ಅಂತಾರೆ, ಗಂಡ ಹೆಂಡತಿ ಅಪ್ಪಿಕೊಳ್ತಾರೆ, ಶುಭಂ. ಶರಪಂಜರದ ಅಸಲಿ ಕಥೆ ಅಲ್ಲಿಂದ ಶುರು. ಕಾವೇರಿ ವಾಸಿಯಾಗಿ ಮನೆಗೆ ಬರ್ತಾಳೆ. ಅವಳಿಗೆ ಬೇಕಾಗಿರೋದು ತನ್ನ ಮನೆ, ಗಂಡ, ಮಕ್ಕಳು, ಮೊದಲಿನ ಹಾಗೆ ಒಂದು ಸಾದಾ ದಿನ. ಆದ್ರೆ ಮನೆಯವರು, ನೆಂಟರು, ನೆರೆಹೊರೆ ಎಲ್ಲರ ಕಣ್ಣಲ್ಲೂ ಭಯ, ಅನುಮಾನ, ಪಿಸುಮಾತು. ಗಂಡ ದೂರ ಸರಿದಿದ್ದಾನೆ. ಅವನಿಗೆ ಜೊತೇಲಿ ಕೆಲಸ ಮಾಡೋ ಹೆಂಗಸಿನ ಜೊತೆ ಸಂಬಂಧ ಇದೆ. ಅದು ಗೊತ್ತಾದಾಗ ಕಾವೇರಿ ಒಡೆದುಹೋಗ್ತಾಳೆ. ಮತ್ತೆ ಅದೇ ಆಸ್ಪತ್ರೆ.

ಶರಪಂಜರ ಅಂದ್ರೆ ಬಾಣಗಳಿಂದಾದ ಪಂಜರ. ಆ ಬಾಣ ಯಾರು ಯಾರದ್ದು ಅಂತ ಎಣಿಸ್ತಾ ಸಿನಿಮಾ ನೋಡಿ. ಕಾಯಿಲೆಯದ್ದು ಒಂದೋ ಎರಡೋ ಇರಬಹುದು. ಮಿಕ್ಕಿದ್ದೆಲ್ಲ ಮನುಷ್ಯರದ್ದು.

3/9

ಇದನ್ನ ಬರೆದದ್ದು ಯಾರು ಅನ್ನೋದು ಗೊತ್ತಿರಬೇಕು. ಮೂಲ ಕಾದಂಬರಿ ತ್ರಿವೇಣಿಯವರದ್ದು. ನಿಜವಾದ ಹೆಸರು ಅನಸೂಯಾ ಶಂಕರ್. 1928ರಲ್ಲಿ ಹುಟ್ಟಿ, 1963ರಲ್ಲಿ ತೀರಿಕೊಂಡರು. ಅಂದ್ರೆ ಬರೀ 34 ವರ್ಷ. ಮೈಸೂರಲ್ಲಿ ಬದುಕಿದವರು, ಮನಃಶಾಸ್ತ್ರ ಓದಿದವರು. ಹೆಣ್ಣಿನ ಮನಸ್ಸಿನೊಳಗಿನ ಕಷ್ಟವನ್ನ ‘ದೆವ್ವ ಹಿಡಿದಿದೆ’ ಅನ್ನದೆ, ‘ಕರ್ಮ’ ಅನ್ನದೆ, ಕಾಯಿಲೆ ಅಂತ ಕರೆದು ಕಾದಂಬರಿ ಬರೆದರು. ಆ ಕಾದಂಬರಿಗಳನ್ನ ಮನೆಮನೆಯ ಹೆಂಗಸರು ಲೈಬ್ರರಿಯಿಂದ ತಂದು ಓದಿದರು. ಶರಪಂಜರ ಸಿನಿಮಾ ಆಗಿದ್ದನ್ನ ನೋಡೋಕೆ ತ್ರಿವೇಣಿ ಇರಲಿಲ್ಲ.

ಸಿನಿಮಾ ಬಂದದ್ದು 1971ರಲ್ಲಿ. ನಿರ್ದೇಶನ ಪುಟ್ಟಣ್ಣ ಕಣಗಾಲ್. ಅದಕ್ಕೂ ಮುಂಚೆ 1967ರಲ್ಲಿ ‘ಬೆಳ್ಳಿಮೋಡ’ ಮಾಡಿದ್ದರು, ಅದೂ ತ್ರಿವೇಣಿ ಕಾದಂಬರಿಯೇ, ಅಲ್ಲೂ ಕಲ್ಪನಾನೇ. ಶರಪಂಜರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಜನರೂ ಕೈಬಿಡಲಿಲ್ಲ, ಮುಗಿಬಿದ್ದು ನೋಡಿದರು. ಪ್ರಶಸ್ತಿ ಸಿನಿಮಾ ಅಂದ್ರೆ ಖಾಲಿ ಕುರ್ಚಿ ಅನ್ನೋರಿಗೆ ಇದನ್ನ ತೋರಿಸಿ.

ಆ ವರ್ಷದ ಇನ್ನೊಂದು ಸಂಗತಿ ಹೇಳ್ತೀನಿ. 1971ರಲ್ಲಿ ಮನೋರೋಗಿಗಳ ಬಗ್ಗೆ ನಮ್ಮ ದೇಶದಲ್ಲಿ ಇದ್ದ ಕಾನೂನು ಬ್ರಿಟಿಷರ ಕಾಲದ್ದು, 1912ರ ‘ಇಂಡಿಯನ್ ಲೂನಸಿ ಆ್ಯಕ್ಟ್’. ಹೆಸರಲ್ಲೇ ಹುಚ್ಚು. ಅದು ಹೋಗಿ ಹೊಸ ಕಾಯ್ದೆ ಆಗಿದ್ದು 1987ರಲ್ಲಿ. ನಾವು ಮಾತೆತ್ತಿದರೆ ತಮಾಷೆಗೆ ಬಳಸೋ ‘ನಿಮ್ಹಾನ್ಸ್’ ಆ ಹೆಸರಲ್ಲಿ ಶುರುವಾಗಿದ್ದೇ 1974ರಲ್ಲಿ. ಅಂಥ ಕಾಲದಲ್ಲಿ ಒಂದು ಕನ್ನಡ ಸಿನಿಮಾ, ಅದೂ ಹಾಡು ಗೀಡು ಇರೋ ಕಮರ್ಷಿಯಲ್ ಸಿನಿಮಾ, ‘ಅವಳು ವಾಸಿಯಾಗಿದ್ದಾಳೆ, ನೀವು ಯಾವಾಗ ವಾಸಿಯಾಗ್ತೀರಾ?’ ಅಂತ ಊರನ್ನೇ ಕೇಳಿತು. ನನಗೆ ಶರಪಂಜರ ದೊಡ್ಡ ಸಿನಿಮಾ ಅನ್ನಿಸೋದು ಈ ಕಾರಣಕ್ಕೆ.

4/9

ಈಗ ನಮ್ಮ ಸಿಲಬಸ್ಸಿಗೆ ಬನ್ನಿ. ಬಿಕಾಂನವರು ಓದ್ತಿದ್ರೆ ಇದು ಬೇಗ ಅರ್ಥ ಆಗುತ್ತೆ, ಬೇರೆಯವರು ಒಂದು ನಿಮಿಷ ತಾಳ್ಕೊಳ್ಳಿ.

ಒಬ್ಬ ಗಿರಾಕಿ ಸಾಲ ಕೊಡಲಿಲ್ಲ ಅಂತಿಟ್ಕೊಳ್ಳಿ. ಇನ್ನು ಬರಲ್ಲ ಅಂತ ಅಂಗಡಿಯವನು ಅದನ್ನ ಬ್ಯಾಡ್ ಡೆಟ್ ಅಂತ ಬರೆದು ಅವನ ಖಾತೆ ಮುಚ್ಚಿಬಿಡ್ತಾನೆ. ಎರಡು ವರ್ಷ ಆದ್ಮೇಲೆ ಆ ಗಿರಾಕಿ ಬಂದು ಪೂರ್ತಿ ದುಡ್ಡು ಕೊಡ್ತಾನೆ. ಆಗ ಯಾವ ಖಾತೆಗೆ ಕ್ರೆಡಿಟ್ ಮಾಡಬೇಕು? ಪರೀಕ್ಷೆಯಲ್ಲಿ ಅರ್ಧ ಕ್ಲಾಸು ತಪ್ಪು ಮಾಡೋದು ಇಲ್ಲೇ. ಗಿರಾಕಿ ಹೆಸರಿಗೆ ಕ್ರೆಡಿಟ್ ಮಾಡೋ ಹಾಗಿಲ್ಲ. ‘ಬ್ಯಾಡ್ ಡೆಟ್ಸ್ ರಿಕವರ್ಡ್’ ಅಂತ ಬೇರೆ ಖಾತೆಗೆ ಹೋಗುತ್ತೆ, ಅಲ್ಲಿಂದ ಲಾಭಕ್ಕೆ. ಅವನು ಕಾಸಿಗೆ ಕಾಸು ತೀರಿಸಿದ್ದಾನೆ, ಆದ್ರೂ ಅವನ ಹೆಸರಿನ ಖಾತೆ ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತೆ.

ಲೆಕ್ಕದಲ್ಲಿ ಇದು ಸರಿ. ಮನುಷ್ಯರ ಜೊತೆ ಹೀಗೆ ಮಾಡಿದ್ರೆ?

ಕಾವೇರಿ ಮನೆಯಲ್ಲಿ ಆಗಿರೋದು ಇದೇ. ಅವಳು ಆಸ್ಪತ್ರೆಗೆ ಹೋದ ದಿನ ಮನೆಯವರು ಅವಳ ಖಾತೆ ಮುಚ್ಚಿದ್ರು. ಅವಳಿಲ್ಲದೇ ಮನೆ ನಡೆಸೋದು ಕಲಿತರು. ಗಂಡ ಅವಳಿಲ್ಲದೇ ಬದುಕೋದನ್ನ ಚೆನ್ನಾಗೇ ಕಲಿತ. ಅವಳು ವಾಪಸ್ ಬಂದು ನಗ್ತಾಳೆ, ಅಲಂಕಾರ ಮಾಡ್ಕೊಳ್ತಾಳೆ, ಮನೆ ಕೆಲಸಕ್ಕೆ ಕೈ ಹಾಕ್ತಾಳೆ. ಯಾವುದೂ ಅವಳ ಹೆಸರಿಗೆ ಜಮಾ ಆಗಲ್ಲ. ನಕ್ಕರೆ ‘ಯಾಕೆ ಇಷ್ಟು ನಗ್ತಾಳೆ’, ಸುಮ್ಮನಿದ್ರೆ ‘ಯಾಕೋ ಮೌನ’, ಚೆನ್ನಾಗಿ ಸೀರೆ ಉಟ್ಟರೆ ‘ಮತ್ತೆ ಶುರುವಾಯ್ತೇನೋ’. ಒಳ್ಳೇದನ್ನೆಲ್ಲ ‘ಡಾಕ್ಟರ್ ಕೈಗುಣ’ ಅಂತ ಬೇರೆ ಖಾತೆಗೆ ಹಾಕ್ತಾರೆ. ಕೆಟ್ಟದ್ದು ಮಾತ್ರ ಅವಳ ಹೆಸರಲ್ಲೇ.

ಕಲ್ಪನಾ ನಟನೆ ನೋಡಬೇಕಾಗಿರೋದು ಈ ಭಾಗದಲ್ಲಿ. ಕೊನೆಯ ಕಿರುಚಾಟಕ್ಕಿಂತ ಇಲ್ಲಿ ಅವರು ನನಗೆ ಜಾಸ್ತಿ ಇಷ್ಟ. ಎದುರಿಗಿರೋರು ತನ್ನನ್ನ ಅನುಮಾನದಿಂದ ನೋಡ್ತಿದ್ದಾರೆ ಅಂತ ಗೊತ್ತಾದಾಗ ಅವರ ಮುಖದಲ್ಲಿ ಒಂದು ನಗು ಬರುತ್ತೆ, ಅರ್ಧಕ್ಕೇ ನಿಲ್ಲುತ್ತೆ. ಪರೀಕ್ಷೆ ಬರೀತಿರೋರ ಥರ ಬದುಕೋದು ಅಂದ್ರೆ ಹೇಗಿರುತ್ತೆ ಅಂತ ಆ ಮುಖ ನೋಡಿದ್ರೆ ಗೊತ್ತಾಗುತ್ತೆ.

5/9

ಇಷ್ಟು ಖಚಿತವಾಗಿ ಹೇಳೋಕೆ ನನಗೇನು ಗೊತ್ತು ಅಂತ ಕೇಳ್ತೀರಲ್ವಾ? ಹೇಳ್ತೀನಿ. ನಮ್ಮ ಸೋದರತ್ತೆ. ಅಪ್ಪನ ತಂಗಿ. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ‘ಹೆಸರು ಬೇಡ, ಕಾಯಿಲೆ ಹೆಸರೂ ಬೇಡ. ಮಿಕ್ಕಿದ್ದು ಬರಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ’ ಅಂದ್ರು.

ಅತ್ತೆ ಕೆಲವು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದವರು. ಅದಾಗಿ ಆರು ವರ್ಷ ಆಯ್ತು. ಈಗ ಸೀರೆಗೆ ಕುಚ್ಚು ಕಟ್ಟಿ, ಫಾಲ್ಸ್ ಹಾಕಿ ಸಂಪಾದನೆ ಮಾಡ್ತಾರೆ. ಶ್ರಾವಣ ಬಂದ್ರೆ ಅವರ ಕೈಗೆ ಬಿಡುವೇ ಇರಲ್ಲ. ಮಾತ್ರೆ ತಗೊಳ್ತಾರೆ, ತಿಂಗಳಿಗೊಂದು ಸಲ ಡಾಕ್ಟರ್ ಹತ್ರ ಹೋಗ್ತಾರೆ, ಬಿಪಿ ಇರೋರು ಹೋಗಲ್ವಾ, ಹಾಗೆ.

ಹೋದ ವರ್ಷ ನೆಂಟರ ಮನೆಯಲ್ಲಿ ನಾಮಕರಣ. ಊಟ ಮುಗಿದ ಮೇಲೆ ಅಡುಗೆ ಕಂಟ್ರಾಕ್ಟಿನವರು ಬಿಲ್ ಕೊಟ್ರು. ಅತ್ತೆ ನೋಡಿ ‘ಎಲೆ ಲೆಕ್ಕ ಜಾಸ್ತಿ ಬರೆದಿದ್ದೀರಿ, ಮೂರು ಪಂಕ್ತಿ ನಾನೇ ಎಣಿಸಿದ್ದೀನಿ’ ಅಂದ್ರು. ಅವರು ಒಪ್ಪಲಿಲ್ಲ. ಅತ್ತೆ ದನಿ ಏರಿತು. ಎಲ್ಲರ ದನಿಯೂ ಏರುತ್ತೆ ಬಿಡಿ ಇಂಥ ಕಡೆ, ಬಿಲ್ ಜಗಳ ಇಲ್ಲದ ಸಮಾರಂಭ ಯಾವುದಿದೆ? ಆದ್ರೆ ಅವತ್ತು ಪಕ್ಕದಲ್ಲಿದ್ದ ದೊಡ್ಡವರೊಬ್ಬರು ಹೇಳಿದ್ದೇನು ಗೊತ್ತಾ? ‘ಇವಳನ್ನ ಒಳಗೆ ಕರ್ಕೊಂಡು ಹೋಗ್ರಮ್ಮ.’ ಇನ್ನೊಬ್ಬರು ಮೆತ್ತಗೆ, ತುಂಬ ಪ್ರೀತಿಯಿಂದ, ‘ಮಾತ್ರೆ ತಗೊಂಡಿದ್ಯಾ?’ ಅಂತ ಕೇಳಿದ್ರು.

ಅತ್ತೆ ಸುಮ್ಮನಾದ್ರು. ಒಳಗೆ ಹೋಗಿ ಕೂತ್ರು. ಬಿಲ್ ಪೂರ್ತಿ ಕೊಟ್ಟಾಯ್ತು.

ಸಂಜೆ ನಾನು ಕೂತು ಲೆಕ್ಕ ಹಾಕಿದೆ. ಪಂಕ್ತಿಗೆ ಎಷ್ಟು ಎಲೆ, ಎಷ್ಟು ಪಂಕ್ತಿ, ಪಾರ್ಸೆಲ್ ಎಷ್ಟು. ಬಿಲ್ಲಲ್ಲಿ 40 ಎಲೆ ಜಾಸ್ತಿ ಇತ್ತು. ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಮನೆಯವರಿಗೆ ಚೀಟಿ ತೋರಿಸಿದೆ. ‘ಹೌದಲ್ವಾ’ ಅಂದ್ರು, ಅಷ್ಟೇ. ಅತ್ತೆ ಹತ್ರ ಹೋಗಿ ‘ನೀನು ಹೇಳಿದ್ದು ಸರಿ ಇತ್ತು’ ಅಂತ ಯಾರೂ ಹೇಳಲಿಲ್ಲ.

ಶರಪಂಜರದ ಬಗ್ಗೆ ಅತ್ತೆ ಹತ್ರ ಮಾತಾಡಿದೆ. ಅವರು ಸಿನಿಮಾ ಎಷ್ಟೋ ಸಲ ನೋಡಿದ್ದಾರೆ. ಒಂದೇ ಮಾತು ಹೇಳಿದ್ರು: ‘ಕಾವೇರಿಗೆ ಹುಚ್ಚಾ ಅಂತ ಎಲ್ಲರೂ ಕೇಳ್ತಾರೆ. ಕಾವೇರಿ ಹೇಳಿದ್ದು ಸುಳ್ಳಾ ಅಂತ ಒಬ್ಬರೂ ಕೇಳಲ್ಲ.’

ಈ ಪೋಸ್ಟಿನ ತಲೆಬರಹ ಅವರದ್ದೇ.

6/9

ಆ ಪ್ರಶ್ನೆ ಇಟ್ಕೊಂಡು ಸತೀಶನನ್ನ ನೋಡಿ.

ಕಾವೇರಿಗೆ ಕಾಯಿಲೆ ಬಂದಿದ್ದು ಅವಳ ಆಯ್ಕೆ ಅಲ್ಲ. ಸತೀಶ ಮಾಡಿದ್ದು ಆಯ್ಕೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಒಂಟಿತನ ಕಾಡಿರಬಹುದು, ಕಷ್ಟ ಇದ್ದಿರಬಹುದು, ಅದನ್ನ ನಾನು ಇಲ್ಲ ಅನ್ನಲ್ಲ. ಮಾನಸಿಕ ಕಾಯಿಲೆ ಇರೋರನ್ನ ನೋಡ್ಕೊಳ್ಳೋದು ಸುಲಭ ಅಲ್ಲ, ನಮ್ಮ ಅಜ್ಜಿ ಮುಖ ನೋಡಿದ್ರೆ ನನಗೆ ಗೊತ್ತಾಗುತ್ತೆ. ಆದ್ರೆ ಅವಳು ವಾಸಿಯಾಗಿ ಬಂದ ಮೇಲೂ ಅವನು ನಿಜ ಹೇಳಲ್ಲ. ಅವಳ ಎದುರು ಒಂದು ಬದುಕು, ಬೆನ್ನ ಹಿಂದೆ ಒಂದು ಬದುಕು.

ಊರು ಯಾರ ಮೇಲೆ ಅನುಮಾನ ಪಡುತ್ತೆ? ಕಾವೇರಿ ಮೇಲೆ. ಯಾರಿಗೆ ಅಯ್ಯೋ ಪಾಪ ಅನ್ನುತ್ತೆ? ಸತೀಶನಿಗೆ. ‘ಪಾಪ, ಇಂಥ ಹೆಂಡತಿ ಕಟ್ಕೊಂಡು ಹೇಗೆ ಸಂಸಾರ ಮಾಡ್ತಾನೋ.’ ಈ ಮಾತು ನಿಮ್ಮ ಊರಲ್ಲೂ ಕೇಳಿರ್ತೀರಿ. ತಿರುಗಿಸಿ ನೋಡಿ. ಸತೀಶನಿಗೇ ಕಾಯಿಲೆ ಬಂದು, ಕಾವೇರಿ ಇನ್ನೊಬ್ಬನ ಜೊತೆ ಸಂಬಂಧ ಇಟ್ಕೊಂಡಿದ್ರೆ? ‘ಪಾಪ ಅವಳಿಗೂ ಒಂಟಿತನ’ ಅಂತ ಯಾವ ನೆರೆಮನೆಯವರು ಅಂತಿದ್ರು ಹೇಳಿ ನೋಡೋಣ.

ಹಾಗಾಗಿ ಕ್ಲೈಮ್ಯಾಕ್ಸ್‌ನಲ್ಲಿ ಎರಡು ಸಂಗತಿ ಒಟ್ಟೊಟ್ಟಿಗೆ ನಡೀತಾ ಇದೆ. ಒಂದು, ಮೋಸ ಹೋದ ಹೆಂಡತಿಯೊಬ್ಬಳ ಸಿಟ್ಟು. ಎರಡು, ಒಮ್ಮೆ ಏಟು ತಿಂದ ಮನಸ್ಸು ಮತ್ತೆ ಕುಸಿಯೋದು. ಎರಡೂ ನಿಜ. ಕಾವೇರಿ ಕೊನೆಗೆ ಕುಸೀತಾಳೆ, ಅದನ್ನ ಇಲ್ಲ ಅಂದ್ರೆ ನಾನು ಸಿನಿಮಾಗೇ ಮೋಸ ಮಾಡಿದ ಹಾಗೆ. ಆದ್ರೆ ನೋಡಿದವರು ಎರಡನೇದನ್ನ ಮಾತ್ರ ಇಟ್ಕೊಂಡು ಮೊದಲನೇದನ್ನ ಬಿಟ್ಟುಬಿಟ್ರು. ಸಿಟ್ಟು ಬರೋಕೆ ಕಾರಣ ಇತ್ತು ಅನ್ನೋದೇ ಮರೆತುಹೋಯ್ತು. ಮಿಮಿಕ್ರಿ ಮಾಡೋರು ಕಾವೇರಿಯನ್ನ ಮಾಡ್ತಾರೆ. ಸತೀಶನ ಮಿಮಿಕ್ರಿ ಮಾಡಿದವರನ್ನ ನಾನಂತೂ ನೋಡಿಲ್ಲ.

ಸಂಸಾರ ಒಡೆದವನ ಹೆಸರು ಯಾರಿಗೂ ನೆನಪಿಲ್ಲ, ಒಡೆದಿದ್ದಕ್ಕೆ ಕಿರುಚಿದವಳ ಮುಖ ಮೀಮ್ ಆಯ್ತು.

7/9

ಈಗ ನಿಮ್ಮ ತಕರಾರುಗಳು. ಸ್ಟೋರಿಯಲ್ಲಿ ಕೇಳಿದ್ದಕ್ಕೆ ತುಂಬ ಜನ ಬರೆದಿದ್ರಿ, ಮೂರಕ್ಕೆ ಉತ್ತರ ಕೊಡ್ತೀನಿ.

ಒಂದು: ‘ಓವರ್ ಆ್ಯಕ್ಟಿಂಗ್ ಕಣೇ.’ ಇವತ್ತಿನ ಸಿನಿಮಾ ನೋಡೋ ಕಣ್ಣಿಗೆ ಹಾಗೆ ಕಾಣೋದು ಸಹಜ. ಆಗಿನ ನಟನೆಯಲ್ಲಿ ನಾಟಕದ ಪ್ರಭಾವ ಜೋರಾಗಿತ್ತು. ಆದ್ರೆ ಒಂದು ಯೋಚನೆ ಮಾಡಿ. ಮನೆ ತುಂಬ ಜನ ಇದ್ದೂ ಒಬ್ಬರೂ ಕಿವಿ ಕೊಡದೇ ಇದ್ದಾಗ ಮೆತ್ತಗೆ ಹೇಳಿದ್ರೆ ಕೇಳಿಸುತ್ತಾ? ಕಾವೇರಿ ಮೊದಲು ಮೆತ್ತಗೇ ಹೇಳ್ತಾಳೆ. ತುಂಬ ಹೊತ್ತು ಮೆತ್ತಗೇ ಹೇಳ್ತಾಳೆ.

ಎರಡು: ‘ಹಳೇ ಘಟನೆಯಿಂದಲೇ ಹುಚ್ಚು ಬಂತು ಅಂತ ತೋರಿಸಿರೋದು ಸರೀನಾ?’ ಇದು ಒಳ್ಳೇ ಪ್ರಶ್ನೆ, ಇಲ್ಲಿ ನಾನು ಸಿನಿಮಾ ಪರ ಇಲ್ಲ. ಬಾಣಂತಿ ಸನ್ನಿಗೆ ಹಿಂದೆ ಒಂದು ‘ರಹಸ್ಯ’ ಇರಲೇಬೇಕು ಅಂತೇನಿಲ್ಲ. ಡಾಕ್ಟರುಗಳ ಪ್ರಕಾರ ಸುಮಾರು ಸಾವಿರ ಹೆರಿಗೆಗೆ ಒಂದೋ ಎರಡೋ ಇಂಥ ಕೇಸ್ ಆಗುತ್ತೆ. ಹೆಚ್ಚಾಗಿ ಹೆರಿಗೆಯಾದ ಮೊದಲ ಎರಡು ವಾರದಲ್ಲೇ ಕಾಣಿಸಿಕೊಳ್ಳುತ್ತೆ. ಬೈಪೋಲಾರ್ ಕಾಯಿಲೆ ಇರೋರಲ್ಲಿ, ಮನೆತನದಲ್ಲಿ ಯಾರಿಗಾದ್ರೂ ಹೀಗಾಗಿದ್ದವರಲ್ಲಿ ಸಾಧ್ಯತೆ ಜಾಸ್ತಿ. ಹಾರ್ಮೋನಿನ ಏರುಪೇರು, ನಿದ್ದೆಗೇಡು ಇವೂ ಸೇರ್ಕೊಳ್ಳುತ್ತೆ. ಇದು ತಡ ಮಾಡದೆ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾದ ಕಾಯಿಲೆ. ಸರಿಯಾಗಿ ಚಿಕಿತ್ಸೆ ಸಿಕ್ಕಿದ್ರೆ ಹೆಚ್ಚಿನವರು ಚೇತರಿಸಿಕೊಳ್ತಾರೆ. ಬಾಣಂತಿಗೆ ಹೀಗಾಯ್ತು ಅಂದ ಕೂಡಲೇ ‘ಮದುವೆಗೆ ಮುಂಚೆ ಏನೋ ಇತ್ತು’ ಅಂತ ಕೆದಕೋರಿಗೆ ಸಿನಿಮಾದ ಆ ಭಾಗ ಒಂದು ನೆಪ ಆಗಬಾರದು.

ಮೂರು: ‘ಮತ್ತೆ ಆಸ್ಪತ್ರೆಗೇ ಹೋಗ್ತಾಳೆ ಅಂದ್ರೆ ಇದು ವಾಸಿಯಾಗಲ್ಲ ಅಂತ ತಾನೇ ಅರ್ಥ?’ ಅಲ್ಲ. ಕಾಲು ಮುರಿದು ಕೂಡಿಕೊಂಡವನನ್ನ ಮತ್ತೆ ಮೆಟ್ಟಿಲಿಂದ ತಳ್ಳಿದ್ರೆ ಕಾಲು ಮತ್ತೆ ಮುರಿಯುತ್ತೆ. ಆಗ ಡಾಕ್ಟರನ್ನ ಬೈತೀರಾ, ತಳ್ಳಿದವರನ್ನ ಬೈತೀರಾ? ಪುಟ್ಟಣ್ಣ ಸುಖಾಂತ ಮಾಡಿದ್ರೆ ನಾವೆಲ್ಲ ಕಣ್ಣು ಒರೆಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋಗ್ತಿದ್ವಿ. ಯಾರೂ ತಮ್ಮನ್ನ ತಾವು ಪ್ರಶ್ನೆ ಮಾಡ್ಕೊಳ್ತಿರಲಿಲ್ಲ.

8/9

‘ಅದು 1971 ಕಣೇ, ಈಗ ಕಾಲ ಬದಲಾಗಿದೆ’ ಅನ್ನೋರಿಗೆ ಈ ಪೋಸ್ಟ್.

ಕಾನೂನು ಬದಲಾಗಿದೆ, ನಿಜ. 2017ರಲ್ಲಿ ‘ಮೆಂಟಲ್ ಹೆಲ್ತ್‌ಕೇರ್ ಆ್ಯಕ್ಟ್’ ಬಂತು. ಅದರ ಸೆಕ್ಷನ್ 3ರಲ್ಲಿ ಏನಿದೆ ಗೊತ್ತಾ? ಒಬ್ಬರು ಹಿಂದೆ ಚಿಕಿತ್ಸೆ ತಗೊಂಡಿದ್ದರು, ಆಸ್ಪತ್ರೆಯಲ್ಲಿ ಇದ್ದರು ಅನ್ನೋ ಒಂದೇ ಕಾರಣಕ್ಕೆ ಈಗಲೂ, ಮುಂದೆಯೂ ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ತೀರ್ಮಾನ ಮಾಡೋ ಹಾಗಿಲ್ಲ. ಓದಿದಾಗ ನನಗೆ ಮೈ ಜುಂ ಅಂತು. ಕಾವೇರಿ ಮೂರು ಗಂಟೆ ಬೇಡಿಕೊಂಡಿದ್ದು ಇದನ್ನೇ ಅಲ್ವಾ? ಅದೇ ಕಾಯ್ದೆಯಲ್ಲಿ ಇನ್ನೊಂದಿದೆ: ಚಿಕಿತ್ಸೆ ಪಡೀತಿರೋ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನ ಸಾಮಾನ್ಯವಾಗಿ ಬೇರೆ ಮಾಡಬಾರದು. ಇನ್ಶೂರೆನ್ಸ್ ಪೇಪರ್ ಇರೋರು ಇದನ್ನೂ ನೆನಪಿಟ್ಕೊಳ್ಳಿ: ದೇಹದ ಕಾಯಿಲೆಗೆ ಹೇಗೋ ಹಾಗೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ಆರೋಗ್ಯ ವಿಮೆ ಕೊಡಬೇಕು.

ಕಾಗದದ ಮೇಲೆ ಕಾವೇರಿ ಗೆದ್ದಿದ್ದಾಳೆ. ಕ್ಲಾಸ್ ರೂಮಲ್ಲಿ?

ನಮ್ಮ ಮಾತು ಕೇಳಿಸಿಕೊಳ್ಳಿ ಒಂದು ದಿನ. ಜಾಸ್ತಿ ಮಾತಾಡಿದ್ರೆ ‘ಮೆಂಟಲ್’. ಮಾತೇ ಆಡದಿದ್ರೆ ‘ಸೈಕೋ’. ಬ್ರೇಕಪ್ ಆದ್ಮೇಲೆ ಹುಡುಗಿ ಬೈದ್ರೆ ‘ಅವಳಿಗೆ ತಲೆ ಸರಿ ಇಲ್ಲ ಮಚ್ಚಾ’. ಅವಳು ಏನು ಹೇಳಿ ಬೈದಳು, ಹೇಳಿದ್ದು ನಿಜಾನಾ, ಯಾರೂ ಕೇಳಲ್ಲ. ಹುಡುಗ ಗೋಡೆಗೆ ಗುದ್ದಿದ್ರೆ ‘ಲವ್ ಫೇಲ್ಯೂರ್ ಪಾಪ’ ಅಂತ ಟೀ ಕುಡಿಸ್ತಾರೆ. ಒಂದು ಸೆಮಿಸ್ಟರ್ ಗ್ಯಾಪ್ ತಗೊಂಡು ಬಂದವರ ಹಿಂದೆ ‘ಎಲ್ಲಿ ಸೇರಿಸಿದ್ರಂತೆ’ ಅನ್ನೋ ಗುಸುಗುಸು ಎಷ್ಟು ದಿನ ನಡೆಯುತ್ತೆ ಅಂತ ನಿಮಗೇ ಗೊತ್ತು. ಇದೇ ಕಾರಣಕ್ಕೆ ಎಷ್ಟೋ ಜನ ಡಾಕ್ಟರ್ ಹತ್ರ ಹೋಗೋಕೇ ಹೆದರ್ತಾರೆ. ಕಾಯಿಲೆಗಿಂತ ವಾಪಸ್ ಬರೋ ದಿನದ ಭಯ ಜಾಸ್ತಿ.

ಈ ಮಾತು ಹುಡುಗರಿಗೂ ಅನ್ವಯ. ಅಳೋ ಹುಡುಗನಿಗೆ ನಾವು ಇಡೋ ಹೆಸರುಗಳ ಪಟ್ಟಿ ಇಲ್ಲಿ ಬರೆಯಲ್ಲ, ನೀವೇ ನೆನಪು ಮಾಡ್ಕೊಳ್ಳಿ.

9/9

ಕೊನೇ ಪೋಸ್ಟ್. ಉಪದೇಶ ಕಡಿಮೆ, ಕೆಲಸ ಜಾಸ್ತಿ.

ಮೊದಲನೇದು, ಸಿನಿಮಾ ನೋಡಿ. ಪೂರ್ತಿ ನೋಡಿ. ಕ್ಲೈಮ್ಯಾಕ್ಸ್‌ಗೆ ಓಡಿಸಬೇಡಿ. ಅಮ್ಮನ ಜೊತೆ, ಅಜ್ಜಿ ಜೊತೆ ಕೂತು ನೋಡಿ. ಅವರು ಥಿಯೇಟರಲ್ಲಿ ನೋಡಿದ ಕಥೆ ಹೇಳ್ತಾರೆ, ಕಲ್ಪನಾ ಬ್ಲೌಸು, ಬಳೆ, ಉಂಗುರದ ಕಥೆ ಹೇಳ್ತಾರೆ. ಹಾಗೇ ಮಧ್ಯದಲ್ಲಿ ‘ನಮ್ಮೂರಲ್ಲೂ ಒಬ್ಬಳಿದ್ದಳು’ ಅಂತ ಶುರುಮಾಡಿದ್ರೆ ಮೊಬೈಲ್ ಕೆಳಗಿಟ್ಟು ಕೇಳಿ.

ಎರಡನೇದು, ಚಿಕಿತ್ಸೆ ಮುಗಿಸಿ ಬಂದವರು ನಿಮ್ಮ ಮನೆಯಲ್ಲಿ, ಹಾಸ್ಟೆಲಲ್ಲಿ, ಕ್ಲಾಸಲ್ಲಿ ಇದ್ರೆ, ಅವರಿಗೆ ಸಿಟ್ಟು ಬಂದಾಗ ‘ಮಾತ್ರೆ ತಗೊಂಡ್ಯಾ’ ಅಂತ ಶುರು ಮಾಡಬೇಡಿ. ‘ಏನಾಯ್ತು?’ ಅಂತ ಕೇಳಿ. ಅವರು ಹೇಳಿದ ಮಾತು ಸರಿನಾ ತಪ್ಪಾ ಅಂತ ಯೋಚನೆ ಮಾಡಿ. ಸರಿ ಇದ್ರೆ ಎಲ್ಲರ ಎದುರಿಗೇ ‘ಅವರು ಹೇಳ್ತಿರೋದು ಸರಿ’ ಅನ್ನಿ. ತಪ್ಪಿದ್ರೆ ಬೇರೆಯವರ ಜೊತೆ ಹೇಗೆ ವಾದ ಮಾಡ್ತೀರೋ ಹಾಗೇ ವಾದ ಮಾಡಿ. ವಾದ ಮಾಡೋದೂ ಒಂದು ಮರ್ಯಾದೆ. ನಿಜವಾಗ್ಲೂ ಹುಷಾರಿಲ್ಲ, ನಿದ್ದೆ ಇಲ್ಲ, ಊಟ ಬಿಟ್ಟಿದ್ದಾರೆ ಅನ್ನಿಸಿದ್ರೆ, ಒಬ್ಬರೇ ಇದ್ದಾಗ ಹತ್ತಿರ ಕೂತು ಕೇಳಿ, ಡಾಕ್ಟರ್ ಹತ್ರ ಜೊತೆಗೆ ಹೋಗಿ. ನಾಲ್ಕು ಜನರ ಎದುರು ಬಾಯಿ ಮುಚ್ಚಿಸೋಕೆ ಮಾತ್ರೆ ಮಾತು ಎತ್ತೋದು ಕಾಳಜಿ ಅಲ್ಲ.

ಮೂರನೇದು, ನಿಮಗೇ ಕಷ್ಟ ಅನ್ನಿಸ್ತಿದ್ರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. 2022ರಿಂದ ಇದೆ, ಹಗಲು ರಾತ್ರಿ ಯಾವಾಗ ಬೇಕಾದ್ರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರ್ ಸೇವ್ ಮಾಡ್ಕೊಳ್ಳಿ. ನಿಮಗೆ ಬೇಡದಿದ್ರೆ ಪಕ್ಕದವರಿಗೆ ಬೇಕಾಗಬಹುದು.

ನಾಲ್ಕನೇದು, ಈ ಸಲದ ಕಾಲೇಜ್ ಡೇ ಸ್ಕಿಟ್ ಟೀಮಿನವರಿಗೆ. ಕಲ್ಪನಾ ಮಿಮಿಕ್ರಿ ಮಾಡಲೇಬೇಕು ಅಂದ್ರೆ ಮಾಡಿ, ನಾನು ಬೇಡ ಅನ್ನಲ್ಲ. ಜೊತೆಗೆ ಸತೀಶನನ್ನೂ ಸ್ಟೇಜ್ ಮೇಲೆ ತನ್ನಿ. ಅವಳು ಯಾಕೆ ಕಿರುಚಿದಳು ಅಂತ ಜನಕ್ಕೆ ಗೊತ್ತಾಗ್ಲಿ, ಆಮೇಲೆ ನಗು ಬಂದ್ರೆ ನಗಲಿ.

ಮುಂದಿನ ಶನಿವಾರ ಪುಟ್ಟಣ್ಣ ಅವರದ್ದೇ ‘ಗೆಜ್ಜೆಪೂಜೆ’, 1969. ಎಂ.ಕೆ. ಇಂದಿರಾ ಕಾದಂಬರಿ, ಮತ್ತೆ ಕಲ್ಪನಾನೇ. ಅದಕ್ಕೂ ಮೊದಲು, ಶರಪಂಜರ ನೋಡಿದವರು ಕಮೆಂಟಲ್ಲಿ ಒಂದೇ ಒಂದು ಉತ್ತರ ಬರೀರಿ. ಕಾವೇರಿ ಹೇಳಿದ್ದು ಸುಳ್ಳಾ? ಅತ್ತೆಗೆ ಓದಿ ಹೇಳ್ತೀನಿ ಅಂತ ಮಾತು ಕೊಟ್ಟಿದೀನಿ.